ಟರ್ಮಿನಲ್ ಅವರದು, ಪರಿಹಾರದ ದುಡ್ಡು ನಿನ್ನದು

ದೇವನಹಳ್ಳಿ ಏರ್‌ಪೋರ್ಟ್ ಯಾರದು ಅಂತ ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ನೋಡು ಮಗಾ. ಒಬ್ಬ ಸರ್ಕಾರದ್ದು ಅಂತಾನೆ, ಇನ್ನೊಬ್ಬ ಅದಾನಿದು ಅಂತಾನೆ, ಮೂರನೆಯವನು ಯಾರೋ ಮಂತ್ರಿಯ ಹೆಸರು ಹೇಳಿ ಕಣ್ಣು ಹೊಡೀತಾನೆ. ಟೊರಾಂಟೊದಲ್ಲಿ ಕೂತಿರುವ ಪ್ರೇಮ್ ವತ್ಸ ಅನ್ನುವ ಹೆಸರು ಅಲ್ಲಿ ಯಾರ ಬಾಯಲ್ಲೂ ಬರೋದಿಲ್ಲ. ನಿನ್ನ ಬಾಯಲ್ಲಿ ಮಾತ್ರ ಈಚೆಗೆ ಬರ್ತಾ ಇದೆ. ನಮ್ಮ ಜಮೀನಿನ ಪರಿಹಾರದ ದುಡ್ಡಿನಲ್ಲಿ ನಿನ್ನ ಪಾಲು ಬ್ಯಾಂಕಿಗೆ ಬಂದ ಮೇಲೆ ನೀನು ರಾತ್ರಿಯೆಲ್ಲ ಮೊಬೈಲಿನಲ್ಲಿ ದೊಡ್ಡ ಹೂಡಿಕೆದಾರರ ಮಾತು ಕೇಳುತ್ತೀಯ, ಅವರು ಕೊಂಡದ್ದನ್ನು ನಾನೂ ಕೊಳ್ತೀನಿ ಅನ್ನುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ಕೇಳುವುದು ಬೇಡ ಅನ್ನುವವನು ನಾನಲ್ಲ. ಸೊಸೈಟಿಯಲ್ಲಿ ಲೆಕ್ಕ ಬರೆದು ಬದುಕಿದವನು, ದುಡ್ಡಿನ ಮಾತು ನನಗೂ ಇಷ್ಟವೇ. ಆದರೆ ಆ ಮನುಷ್ಯನ ವ್ಯವಹಾರವನ್ನು ಪೂರ್ತಿ ನೋಡು, ಅರ್ಧ ನೋಡಬೇಡ ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಿನ್ನ ಜೊತೆಯ ಹುಡುಗರಿಗೂ ಓದಿಸು.

ವತ್ಸ ನಮ್ಮ ಪಕ್ಕದ ಹೈದರಾಬಾದಿನವರು. ಮದರಾಸಿನ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ 1972ರಲ್ಲಿ ಕೆನಡಾಕ್ಕೆ ಹೋದರು. ಓದಿನ ಖರ್ಚಿಗೆ ಮನೆಮನೆಗೂ ಹೋಗಿ ಏರ್ ಕಂಡಿಷನರ್, ಫರ್ನೇಸ್ ಮಾರಿದರು. 1985ರಲ್ಲಿ ನೆಲ ಕಚ್ಚಿದ್ದ ಒಂದು ಸಣ್ಣ ವಿಮಾ ಕಂಪನಿಯನ್ನು ಕೈಗೆ ತೆಗೆದುಕೊಂಡು, ಎರಡು ವರ್ಷದ ಮೇಲೆ ಅದಕ್ಕೆ ಫೇರ್‌ಫ್ಯಾಕ್ಸ್ ಅಂತ ಹೆಸರಿಟ್ಟರು. ಇವತ್ತು ಅವರನ್ನು ಕೆನಡಾದ ವಾರೆನ್ ಬಫೆಟ್ ಅಂತಾರೆ. 2020ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನ ಕ್ವೆಸ್ ಕಂಪನಿ, ಡಿಜಿಟ್ ವಿಮಾ ಕಂಪನಿ, ಥಾಮಸ್ ಕುಕ್, ಕೇರಳದ ಸಿಎಸ್‌ಬಿ ಬ್ಯಾಂಕು, ಇವೆಲ್ಲದರ ಹಿಂದೆ ಅವರ ದುಡ್ಡಿದೆ. ದುಡಿದು ಮೇಲೆ ಬಂದವರು, ಅದಕ್ಕೆ ಗೌರವ ಕೊಡೋಣ. ಗೌರವ ಬೇರೆ, ಹಿಂಬಾಲಿಸುವುದು ಬೇರೆ.

ಮೊದಲು ನಮ್ಮೂರಿನದೇ ಲೆಕ್ಕ ನೋಡು. ಏರ್‌ಪೋರ್ಟ್ ಕಂಪನಿ ಶುರುವಾದಾಗ ಸೀಮೆನ್ಸ್ ಕೈಯಲ್ಲಿ ನೂರಕ್ಕೆ 40 ಪಾಲು, ಜ್ಯೂರಿಕ್ ಏರ್‌ಪೋರ್ಟಿಗೆ 17, ಎಲ್ ಅಂಡ್ ಟಿಗೆ 17. ಉಳಿದ 26ರಲ್ಲಿ ರಾಜ್ಯದ ಕೆಎಸ್‌ಐಐಡಿಸಿಗೆ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 13. 2008ರ ಮೇ 24ರಂದು ವಿಮಾನ ಇಳಿಯತೊಡಗಿತು. ಮರುವರ್ಷದಿಂದಲೇ ಹೈದರಾಬಾದಿನ ಜಿವಿಕೆ ಕಂಪನಿ ಒಬ್ಬೊಬ್ಬರ ಪಾಲನ್ನೂ ಕೊಳ್ಳುತ್ತಾ ಬಂತು. ಜಿವಿಕೆ ಆಗ ಸಣ್ಣ ಹೆಸರೇನಲ್ಲ, ಮುಂಬೈ ಏರ್‌ಪೋರ್ಟೂ ಅವರ ಕೈಯಲ್ಲಿತ್ತು. ಆದರೆ ಸಾಲ ಬೆಳೆಯಿತು. ಸಾಲ ಇಳಿಸಲು 2017ರಲ್ಲಿ ಬೆಂಗಳೂರಿನ ಪಾಲು ಮಾರಿ ಪೂರ್ತಿ ಹೊರಗೆ ಹೋದರು. ಕೊಂಡವರು ವತ್ಸ. ಮೊದಲು 38 ಪಾಲಿಗೆ ಸುಮಾರು 38.5 ಕೋಟಿ ಡಾಲರ್, ಅದೇ ವರ್ಷ ಇನ್ನೊಂದು 10, ಮರುವರ್ಷ ಸೀಮೆನ್ಸಿನಿಂದ 6. ಒಟ್ಟು 54 ಪಾಲಿಗೆ ಸುಮಾರು 65 ಕೋಟಿ ಡಾಲರ್. ಆಮೇಲೆಯೂ ಕೊಳ್ಳುತ್ತಲೇ ಹೋಗಿ, 2025ರಲ್ಲಿ ಸೀಮೆನ್ಸಿನ ಕೊನೆಯ 10 ಪಾಲನ್ನು 25.5 ಕೋಟಿ ಡಾಲರಿಗೆ ತೆಗೆದುಕೊಂಡರು. ಈಗ ಫೇರ್‌ಫ್ಯಾಕ್ಸ್ ಇಂಡಿಯಾ ಮತ್ತು ಅದರ ಅಂಗಸಂಸ್ಥೆ ಸೇರಿ 74.

ಪೆನ್ನು ತಗೊಂಡು ಭಾಗಾಕಾರ ಮಾಡು. ಮೊದಲ ಸಲ ನೂರಕ್ಕೆ ಒಂದು ಪಾಲಿಗೆ ಬಿದ್ದದ್ದು 1 ಕೋಟಿ ಡಾಲರ್ ಚಿಲ್ಲರೆ. ಕೊನೆಯ ಸಲ ಕೊಟ್ಟದ್ದು 2.55 ಕೋಟಿ. ಅಂದರೆ ದೇಶದಲ್ಲೇ ಹೆಸರಾದ ಆಸ್ತಿ, ಕೆನಡಾದ ಬಫೆಟ್ ಅನ್ನಿಸಿಕೊಂಡವರ ಬುದ್ಧಿ, ಎರಡೂ ಸೇರಿ ಎಂಟು ವರ್ಷಕ್ಕೆ ಬೆಲೆ ಎರಡೂವರೆ ಪಟ್ಟು. ನಿನ್ನ ಟೆಲಿಗ್ರಾಂ ಗುಂಪಿನವನು ಮೂರು ತಿಂಗಳಿಗೆ ಎರಡು ಪಟ್ಟು ಅಂತಾನಂತಲ್ಲ, ಅವನು ವತ್ಸರಿಗಿಂತ ಜಾಣನಾಗಿದ್ದರೆ ಇಷ್ಟು ಹೊತ್ತಿಗೆ ಏರ್‌ಪೋರ್ಟು ಅವನ ಹೆಸರಿಗೆ ಆಗಬೇಕಿತ್ತು.

ಇನ್ನು ಉದ್ದೇಶದ ಮಾತು. ಇಂಥವರ ಬಗ್ಗೆ ನಮ್ಮ ಕಡೆ ಎರಡೇ ಮಾತು. ದೇಶ ಉದ್ಧಾರ ಮಾಡೋಕೆ ಬಂದರು, ಇಲ್ಲಾ ಲೂಟಿ ಹೊಡೆಯೋಕೆ ಬಂದರು. ಎರಡನ್ನೂ ಬಿಡು, ಕಾಗದ ಓದು. ವತ್ಸ ಕೊಂಡದ್ದು ಕಟ್ಟಡವನ್ನಲ್ಲ, ಒಪ್ಪಂದವನ್ನು. 2004ರಲ್ಲಿ ಕೇಂದ್ರದ ಜೊತೆ ಆದ ಆ ಒಪ್ಪಂದದಲ್ಲಿ 30 ವರ್ಷ ನಡೆಸುವ ಹಕ್ಕು ಇತ್ತು, ಇನ್ನೂ 30 ವರ್ಷ ಮುಂದುವರಿಸುವ ದಾರಿಯೂ ಇತ್ತು. ಮೈಸೂರು, ಹಾಸನ ಬಿಟ್ಟರೆ 150 ಕಿಲೋಮೀಟರ್ ಒಳಗೆ ಮೊದಲ 25 ವರ್ಷ, ಅಂದರೆ 2033ರ ತನಕ, ಇನ್ನೊಂದು ಅಂತಾರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ದೇವನಹಳ್ಳಿ ನಿಲ್ದಾಣ ಶುರುವಾದ ದಿನವೇ ಎಚ್‌ಎಎಲ್ ನಿಲ್ದಾಣದಿಂದ ಜನ ಹತ್ತುವ ವಿಮಾನ ನಿಂತದ್ದು ನಿನಗೆ ನೆನಪಿರಲಾರದು, ಆಗ ಊರೆಲ್ಲ ಗಲಾಟೆ ಆಗಿತ್ತು. ಪ್ರಯಾಣಿಕರಿಂದ ಎಷ್ಟು ಶುಲ್ಕ ವಸೂಲಿ ಮಾಡಬಹುದು ಅನ್ನುವುದನ್ನು ಏರಾ ಅನ್ನುವ ನಿಯಂತ್ರಣ ಸಂಸ್ಥೆ ನಿಗದಿ ಮಾಡುತ್ತದೆ, ಹಾಕಿದ ಬಂಡವಾಳಕ್ಕೆ ಇಷ್ಟು ಪ್ರತಿಫಲ ಅನ್ನುವ ಲೆಕ್ಕವೂ ಅದರಲ್ಲಿ ಸೇರಿಕೊಂಡಿರುತ್ತದೆ. ಇದರ ಮೇಲೆ ಸುಮಾರು 4,000 ಎಕರೆ ಆವರಣದಲ್ಲಿ ರನ್‌ವೇಗೆ ಟರ್ಮಿನಲ್‌ಗೆ ಬೇಡದ, ಹೋಟೆಲ್ಲು ಆಫೀಸು ಕಟ್ಟಬಹುದಾದ ಜಾಗ 460 ಎಕರೆಯಷ್ಟು. 2024-25ರಲ್ಲಿ ಓಡಾಡಿದ ಜನ 4 ಕೋಟಿ ದಾಟಿದರು.

ನಮ್ಮವರು ಎಕರೆ ಲೆಕ್ಕದಲ್ಲಿ ಕೊಟ್ಟ ನೆಲದ ಬೆಲೆ ಯಾರ ಪಹಣಿಯಲ್ಲೂ ಕಾಣಿಸಲಿಲ್ಲ, ಆ ಒಪ್ಪಂದದ ಪುಟಗಳಲ್ಲಿ ಅಡಗಿತ್ತು. ಅದನ್ನು ಓದಬಲ್ಲವರು ಹಣ ಹಾಕಿದರು. ಇದರಲ್ಲಿ ಪಾಪವೇನೂ ಇಲ್ಲ, ಸೇವೆಯೂ ಇಲ್ಲ. ಲಾಭದ ಉದ್ದೇಶ. ಅದನ್ನು ಅವರೂ ಮುಚ್ಚಿಟ್ಟಿಲ್ಲ, ವರ್ಷ ವರ್ಷ ಷೇರುದಾರರಿಗೆ ಬರೆಯುವ ಕಾಗದದಲ್ಲಿ ಹೇಳಿಕೊಳ್ಳುತ್ತಾರೆ. ಗೊಂದಲ ನಮ್ಮ ಕಡೆ. ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ, ತೂಗುವ ತೋಟ ನೋಡಿ ನಮ್ಮೂರು ಬೆಳೀತು ಅಂತ ಎದೆಯುಬ್ಬುತ್ತದೆ, ಉಬ್ಬಿದ ಎದೆಯಲ್ಲಿ ಜೇಬಿನ ಮೇಲೆ ಕೈ ಹೋಗುತ್ತದೆ. ನೆಲಮಂಗಲದ ಕಡೆಯೂ ಈಗ ಇದೇ ಕಥೆ. ಎರಡನೇ ಏರ್‌ಪೋರ್ಟಿಗೆ ಸರ್ಕಾರ ಗುರುತಿಸಿದ ಜಾಗಗಳಲ್ಲಿ ಕುಣಿಗಲ್ ರಸ್ತೆಯದೂ ಒಂದು ಅಂತ ಸುದ್ದಿ ಬಂದದ್ದೇ ತಡ, ಸೈಟಿನ ಬ್ರೋಕರುಗಳು ನಕ್ಷೆ ಹಿಡಿದು ಹಳ್ಳಿಹಳ್ಳಿ ತಿರುಗುತ್ತಿದ್ದಾರೆ.

ಇನ್ನು ವತ್ಸ ತಪ್ಪೇ ಮಾಡದವರು ಅಂದುಕೊಂಡಿದ್ದರೆ ಅದನ್ನೂ ಸರಿ ಮಾಡಿಕೋ. 2008ರ ಮುಂಚೆ ಅಮೆರಿಕದ ಮನೆ ಸಾಲದ ವ್ಯವಹಾರ ಕುಸಿಯುತ್ತದೆ ಅಂತ ವತ್ಸ ಪಣ ಕಟ್ಟಿದರು, ಜಗತ್ತೆಲ್ಲ ನಕ್ಕಿತು. ಕುಸಿದಾಗ 200 ಕೋಟಿ ಡಾಲರಿಗೂ ಹೆಚ್ಚು ಬಂತು. ಈ ಕಥೆಯನ್ನು ನಿನ್ನ ವಿಡಿಯೋದವರು ಹೇಳಿರುತ್ತಾರೆ. ಮುಂದಿನದನ್ನು ಹೇಳಿರಲಾರರು. ಮತ್ತೆ ಕುಸಿಯುತ್ತದೆ ಅನ್ನುವ ಅದೇ ಭಯದಲ್ಲಿ 2010ರಿಂದ ತಮ್ಮ ಷೇರುಗಳಿಗೆಲ್ಲ ಬೀಳುವ ಕಡೆಯ ಪಣವನ್ನು ಕಾವಲಿಟ್ಟರು. ಪೇಟೆ ಬೀಳಲಿಲ್ಲ, ವರ್ಷ ವರ್ಷ ಏರಿತು. 2016ರ ನವೆಂಬರಿನಲ್ಲಿ ಟ್ರಂಪ್ ಗೆದ್ದ ಮೇಲೆ ಆ ಕಾವಲು ತೆಗೆದು ಹಾಕುವ ಹೊತ್ತಿಗೆ ನೂರಾರು ಕೋಟಿ ಡಾಲರ್ ಕರಗಿತ್ತು. ಒಂದೇ ತಲೆ, ಒಂದೇ ಅನುಮಾನ. ಮೊದಲ ಸಲ ಮೇಧಾವಿ ಅನ್ನಿಸಿತು, ಎರಡನೇ ಸಲ ಕೈ ಸುಟ್ಟಿತು. ನನಗೆ ಇಡೀ ಅವರ ಕಥೆಯಲ್ಲಿ ಹೆಚ್ಚು ಕಲಿಸಿದ್ದು ಈ ಭಾಗ.

ಬ್ಲ್ಯಾಕ್‌ಬೆರಿ ಫೋನು ನೀನು ನೋಡಿಲ್ಲ, ಒಂದು ಕಾಲದಲ್ಲಿ ಎಂ.ಜಿ. ರೋಡಿನ ಸಾಹೇಬರೆಲ್ಲರ ಸೊಂಟದಲ್ಲಿ ಇರುತ್ತಿತ್ತು. ಅದರ ಷೇರು ಇಳಿಯುತ್ತಿದ್ದಾಗ ವತ್ಸ ಕೊಂಡರು, ಇನ್ನೂ ಇಳಿದಾಗ ಇನ್ನೂ ಕೊಂಡರು. 2013ರಲ್ಲಿ ಇಡೀ ಕಂಪನಿಯನ್ನೇ ಷೇರಿಗೆ 9 ಡಾಲರಿನಂತೆ 470 ಕೋಟಿ ಡಾಲರಿಗೆ ಕೊಳ್ಳುವ ಮಾತಾಗಿ, ಮುರಿದು, ಕೊನೆಗೆ ಅವರೂ ಇತರರೂ ಸೇರಿ 100 ಕೋಟಿ ಡಾಲರ್ ಸಾಲದ ರೂಪದಲ್ಲಿ ಕೊಟ್ಟರು. ಹತ್ತು ವರ್ಷ ಕಾದರೂ ಆ ಫೋನು ಮತ್ತೆ ಎದ್ದೇಳಲಿಲ್ಲ. ಗ್ರೀಸಿನ ಯೂರೋಬ್ಯಾಂಕಿನಲ್ಲಿ 2014ರಲ್ಲಿ ದುಡ್ಡು ಹಾಕಿದರು. ಮರುವರ್ಷವೇ ಆ ದೇಶದಲ್ಲಿ ಬ್ಯಾಂಕಿನ ಬಾಗಿಲು ಮುಚ್ಚಿ, ಎಟಿಎಂ ಮುಂದೆ ಜನ ಸಾಲುಗಟ್ಟಿ, ಷೇರು ನೆಲ ಸೇರಿತು. ಅವರು ಮತ್ತೆ ಹಾಕಿದರು. ವರ್ಷಗಳು ಕಳೆದ ಮೇಲೆ ಅದು ಅವರ ದೊಡ್ಡ ಗಳಿಕೆಯಾಯಿತು. ನಮ್ಮ ದೇಶದಲ್ಲೂ ಹಾಗೇ: ರೈತರ ಬೆಳೆ ಇಡುವ ಗೋದಾಮಿನ ಎನ್‌ಸಿಎಂಎಲ್ ಕಂಪನಿಯನ್ನು 2015ರಲ್ಲಿ ಕೊಂಡು, ಆಮೇಲೆ ಅದರ ಬೆಲೆಯನ್ನು ತಮ್ಮದೇ ಲೆಕ್ಕಪುಸ್ತಕದಲ್ಲಿ ಇಳಿಸಿಕೊಳ್ಳಬೇಕಾಯಿತು. ಏರ್‌ಪೋರ್ಟು ಕೈ ಹಿಡಿದದ್ದರಿಂದ ಗೋದಾಮು ಸೋತದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ನಮ್ಮ ಸೀಮೆಯಲ್ಲಿ ಬೋರ್‌ವೆಲ್ ಕೊರೆಸುವುದು ನಿನಗೆ ಗೊತ್ತು. ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಹೋದರೂ ಬರೀ ಧೂಳು ಬರುವ ನೆಲ ಇದು. ಹತ್ತು ಕಡೆ ಕೊರೆಸುವ ತಾಕತ್ತಿದ್ದವನಿಗೆ ಏಳು ಒಣಗಿದರೂ ಮೂರರಲ್ಲಿ ನೀರು ಬಿದ್ದರೆ ತೋಟ ನಗುತ್ತದೆ, ಊರವರು ಅವನ ಕೈಗುಣ ಹೊಗಳುತ್ತಾರೆ. ಹೆಂಡತಿಯ ಸರ ಅಡವಿಟ್ಟು ಒಂದೇ ಒಂದು ಕೊರೆಸುವವನಿಗೆ ಅದೇ ನೆಲ, ಅದೇ ಜಲತಜ್ಞ, ಅದೇ ರಿಗ್ಗು. ಬಿದ್ದರೆ ಬಿತ್ತು, ಇಲ್ಲದಿದ್ದರೆ ಸರವೂ ಹೋಯಿತು, ಬೆಳೆಯೂ ಹೋಯಿತು. ವತ್ಸ ತೋರಿಸಿದ ಜಾಗದಲ್ಲೇ ನೀನು ಕೊರೆಸಿದರೂ ಅವರ ಲೆಕ್ಕ ನಿನ್ನದಾಗುವುದಿಲ್ಲ ಮಗಾ.

ಅವರ ದುಡ್ಡಿನ ಗುಣವೂ ಬೇರೆ. ವಿಮೆಯ ಕಂತು ಇವತ್ತು ಬರುತ್ತದೆ, ಕ್ಲೇಮು ವರ್ಷಗಟ್ಟಲೆ ಬಿಟ್ಟು ಕೊಡಬೇಕಾಗುತ್ತದೆ. ಆ ಮಧ್ಯೆ ಕೈಯಲ್ಲಿರುವ ಪರರ ದುಡ್ಡನ್ನು ಹೂಡಿ ಬೆಳೆಸುವುದು ಅವರ ಕಸುಬು. ಅದಕ್ಕೇ ಗ್ರೀಸಿನ ಬ್ಯಾಂಕು ಮುಳುಗಿದಾಗಲೂ ಅವರಿಗೆ ಕಾಯಲು ಆಯಿತು. ಇನ್ನು ಫೇರ್‌ಫ್ಯಾಕ್ಸ್ ಇಂಡಿಯಾ. ಅದನ್ನು 2015ರ ಜನವರಿಯಲ್ಲಿ ಟೊರಾಂಟೊ ಪೇಟೆಯಲ್ಲಿ ಷೇರಿಗೆ 10 ಡಾಲರಿನಂತೆ ಮಾರಿ ಸುಮಾರು 100 ಕೋಟಿ ಡಾಲರ್ ಎತ್ತಿದರು. ಅದನ್ನು ನೋಡಿಕೊಳ್ಳುವುದಕ್ಕೆ ತಾಯಿ ಕಂಪನಿ ಹೂಡಿದ ಬಂಡವಾಳದ ಮೇಲೆ ವರ್ಷಕ್ಕೆ ಶೇಕಡಾ 1.5 ಶುಲ್ಕ ತೆಗೆದುಕೊಳ್ಳುತ್ತದೆ. ವರ್ಷಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ಬೆಳೆದರೆ ಆ ಹೆಚ್ಚಿನದರಲ್ಲಿ ಐದನೇ ಒಂದು ಪಾಲೂ ಅವರಿಗೇ. ಬಂಡವಾಳದಲ್ಲಿ ತಾಯಿ ಕಂಪನಿಯದು ಅರ್ಧಕ್ಕಿಂತ ಕಡಿಮೆ, ಮತದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. 2020ರಲ್ಲಿ ಕೊರೊನಾ ಬಂದು ವಿಮಾನ ನಿಂತಾಗ ಆ ಹತ್ತು ಡಾಲರಿನ ಷೇರು ಹತ್ತಕ್ಕಿಂತ ಕೆಳಗೆ ಬಂದಿತ್ತು. ಐದು ವರ್ಷ ಕಾದವನ ಕೈಯಲ್ಲಿ ಅಸಲೂ ಇರಲಿಲ್ಲ, ನಿರ್ವಹಣೆಯ ಶುಲ್ಕ ಮಾತ್ರ ಹೋಗುತ್ತಲೇ ಇತ್ತು. ಆಮೇಲೆ ಮೇಲೆದ್ದಿತು ಅನ್ನುವುದೂ ನಿಜ. ನಿನ್ನ ತಂಗಿಯ ಮದುವೆ ಆ ವರ್ಷವೇ ಬಂದಿದ್ದರೆ ಆಮೇಲೆ ಏಳುವುದನ್ನು ಕಾಯಲು ಆಗುತ್ತಿತ್ತೇ?

ಇಂಥವರ ಮಾತಿಗೆ ತೂಕ ಇರುತ್ತದೆ. ಪ್ರಧಾನಿಯನ್ನು ಭೇಟಿಯಾಗುತ್ತಾರೆ, ಭಾರತದ ಭವಿಷ್ಯ ಬಹಳ ಚೆನ್ನಾಗಿದೆ ಅಂತ ಟಿವಿಯಲ್ಲಿ ಹೇಳುತ್ತಾರೆ. ನಂಬಿಯೇ ಹೇಳುತ್ತಿರಬಹುದು, ಆದರೆ ಅದೇ ಭಾರತದ ಷೇರುಗಳು ಅವರ ಪೆಟ್ಟಿಗೆಯಲ್ಲಿವೆ ಅನ್ನುವುದನ್ನು ಜೊತೆಗೆ ನೆನಪಿಟ್ಟುಕೋ. ಬಯ್ಯುವವರ ಮಾತನ್ನೂ ಹಾಗೇ ಅಳೆ. 2024ರ ಫೆಬ್ರುವರಿಯಲ್ಲಿ ಮಡ್ಡಿ ವಾಟರ್ಸ್ ಅನ್ನುವ ಸಂಸ್ಥೆ ಫೇರ್‌ಫ್ಯಾಕ್ಸ್ ಲೆಕ್ಕ ಸರಿಯಿಲ್ಲ ಅಂತ ವರದಿ ಬಿಟ್ಟಿತು, ಷೇರು ಒಂದೇ ದಿನ ಶೇಕಡಾ ಹತ್ತಕ್ಕೂ ಹೆಚ್ಚು ಬಿತ್ತು, ಆಮೇಲೆ ಏರಿತು. ಆ ವರದಿ ಬರೆದವರು ಷೇರು ಬಿದ್ದರೆ ಲಾಭವಾಗುವಂತೆ ಮೊದಲೇ ಪಣ ಕಟ್ಟಿಕೊಂಡಿದ್ದರು. ಹೊಗಳುವವನಿಗೂ ಲಾಭ, ತೆಗಳುವವನಿಗೂ ಲಾಭ. ಇನ್ನು ಫೋನಿನಲ್ಲಿ ಬರುವ ಕೋಟ್ಯಧೀಶರ ಮುಖಗಳಲ್ಲಿ ಅರ್ಧ ಸುಳ್ಳು ಮುಖಗಳು. ತನ್ನ ಹೆಸರಿನಲ್ಲಿ ಟ್ರೇಡಿಂಗ್ ಆ್ಯಪಿನ ನಕಲಿ ವಿಡಿಯೋ ಓಡಾಡುತ್ತಿವೆ, ನಂಬಬೇಡಿ ಅಂತ ಇನ್ಫೋಸಿಸ್‌ನ ನಾರಾಯಣಮೂರ್ತಿಯವರೇ 2023ರ ಡಿಸೆಂಬರಿನಲ್ಲಿ ಎಚ್ಚರಿಸಿದ್ದರು. ಮುಂದಿನ ವರ್ಷ ಬೆಂಗಳೂರಿನಲ್ಲೇ ಅಂಥ ವಿಡಿಯೋ ನಂಬಿ ಜನ ಲಕ್ಷಗಟ್ಟಲೆ ಕಳೆದುಕೊಂಡರು.

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರದ ಹೋಟೆಲಿನಲ್ಲಿ ಒಬ್ಬ ಹುಡುಗನನ್ನು ನೋಡಿದೆ, ನಿನ್ನದೇ ವಯಸ್ಸು. ಟೇಬಲ್ ಮೇಲೆ ಎರಡು ಫೋನು, ಅರ್ಧ ಕುಡಿದ ಟೀ ಮೇಲೆ ಕೆನೆ ಕಟ್ಟಿತ್ತು. ಎಕ್ಸ್‌ಪೈರಿ ದಿನ ತಾತ, ಮಾತಾಡಿಸಬೇಡಿ ಅಂದ. ಕೆಂಪು ಅಂಕಿ ಇಳಿಯುತ್ತಿತ್ತು, ಅವನ ಹೆಬ್ಬೆರಳು ಗಾಜಿನ ಮೇಲೆ ನಡುಗುತ್ತಿತ್ತು. ಎಷ್ಟು ಹೋಯ್ತಪ್ಪ ಅಂದೆ. ಇವತ್ತಿನದಾ, ಒಟ್ಟಿನದಾ ಅಂತ ಕೇಳಿದ. ಅಂಥವರ ಲೆಕ್ಕವನ್ನು ಷೇರು ಪೇಟೆ ನಿಯಂತ್ರಿಸುವ ಸೆಬಿಯೇ ತೆಗೆದಿದೆ: 2022ರ ಮಾರ್ಚಿಗೆ ಕೊನೆಗೊಂಡ ವರ್ಷದಿಂದ ಮೂರು ವರ್ಷದಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್‌ನಲ್ಲಿ ಕೈ ಹಾಕಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ತಲಾ ಸರಾಸರಿ 2 ಲಕ್ಷ, ಒಟ್ಟು 1.8 ಲಕ್ಷ ಕೋಟಿ ರೂಪಾಯಿ. ಒಂದು ಲಕ್ಷಕ್ಕಿಂತ ಹೆಚ್ಚು ಉಳಿಸಿಕೊಂಡವರು ನೂರಕ್ಕೆ ಒಬ್ಬರು. ಆ ದುಡ್ಡು ಆವಿಯಾಗಿಲ್ಲ. ಅದರ ದೊಡ್ಡ ಪಾಲು ಕಂಪ್ಯೂಟರಿನಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳಿಗೆ, ವಿದೇಶಿ ನಿಧಿಗಳಿಗೆ ಹೋಯಿತು. ಆ ಕಡೆಗೆ ತಲೆ ಹಾಕಿಯೂ ಮಲಗಬೇಡ.

ಹಾಗಾದರೆ ಏನು ಮಾಡಲಿ ಅಂತೀಯ. ಮೊದಲು ಕೈಸಾಲ ತೀರಿಸು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಕಟ್ಟುತ್ತಾ ಯಾವ ಷೇರಿನಿಂದಲೂ ಗೆಲ್ಲಲಾರೆ. ಡಿಪಾಸಿಟ್ಟನ್ನು ಎರಡು ಮೂರು ಬ್ಯಾಂಕಿಗೆ ಹಂಚು. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದ ತನಕ ಮಾತ್ರ ವಿಮೆ ಇದೆ. ಸೌಹಾರ್ದ ಸೊಸೈಟಿಗಳಿಗೆ ಆ ವಿಮೆಯೇ ಇಲ್ಲ, ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡ್ತಾರೆ ಅಂತ ಅಲ್ಲಿ ಎಲ್ಲವನ್ನೂ ಇಡಬೇಡ. ಸೊಸೈಟಿಯವನೇ ಹೇಳುತ್ತಿದ್ದೇನೆ ಕೇಳು. ಹತ್ತು ವರ್ಷ ಮುಟ್ಟದೆ ಇರಬಲ್ಲೆ ಅನ್ನುವಷ್ಟನ್ನು ಮಾತ್ರ ಷೇರಿಗೆ ಹಾಕು, ಅದನ್ನೂ ಇಂಡೆಕ್ಸ್ ಫಂಡಿನಲ್ಲಿ ತಿಂಗಳು ತಿಂಗಳು ಹಾಕು. ಖಾತೆಯಲ್ಲಿ ನಿಮ್ಮಮ್ಮನ ಹೆಸರೂ ಇರಲಿ, ಸಹಿ ಇಬ್ಬರದೂ ಬೇಕು ಅಂತ ಬರೆಸು. ಉಳಿದಿರುವ ಎರಡು ಎಕರೆಯ ಪತ್ರ ಯಾರ ಕೈಗೂ ಕೊಡಬೇಡ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯ ಜನ 1,777 ಎಕರೆಗಾಗಿ 1,198 ದಿನ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವಂತೆ ಮಾಡಿದರು. ಬಿಸಿಲಲ್ಲಿ ಅಷ್ಟು ದಿನ ಕೂತವರಲ್ಲಿ ನಮ್ಮ ನೆಂಟರೂ ಇದ್ದರು. ನೀನು ಅಷ್ಟು ಬೆಲೆಯ ನೆಲದ ದುಡ್ಡನ್ನು ಒಂದು ಮಧ್ಯಾಹ್ನದಲ್ಲಿ ಆ್ಯಪಿಗೆ ಸುರಿಯಬಾರದು.

ಕೊನೆಯದು, ಇದೇ ಮುಖ್ಯ. ಏರ್‌ಪೋರ್ಟಿನ ಪಾಲು ಇಟ್ಟುಕೊಂಡಿರುವ ಅವರ ಆಂಕರೇಜ್ ಕಂಪನಿಯನ್ನು ಇಲ್ಲಿಯ ಷೇರು ಪೇಟೆಗೆ ತರುವ ಮಾತು ಬಹಳ ದಿನದಿಂದ ಇದೆ. ಬಂದ ದಿನ ನಮ್ಮ ತಾಲ್ಲೂಕಿನಲ್ಲಿ ಜಾತ್ರೆಯೇ ಆಗುತ್ತದೆ, ನಮ್ಮೂರ ಏರ್‌ಪೋರ್ಟು ಅನ್ನುವ ಅಭಿಮಾನಕ್ಕೆ ಜನ ಅರ್ಜಿ ಹಾಕುತ್ತಾರೆ. ಅದಕ್ಕೂ ಮುಂಚೆ ಪೇಟೆಗೆ ಬರದ ಷೇರು ಕೊಡಿಸ್ತೀನಿ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸು. ಐಪಿಒ ಬಂದಾಗ ಬರುವ ದುಡ್ಡು ಕಂಪನಿಗೆ ಹೋಗುತ್ತದೋ, ಹಳೆಯ ಮಾಲೀಕರು ತಮ್ಮ ಪಾಲು ಮಾರಿಕೊಂಡು ಹೋಗುತ್ತಿದ್ದಾರೋ ಅನ್ನುವುದು ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿರುತ್ತದೆ. ಇಷ್ಟು ತಿಳಿದವರು ಇಷ್ಟು ಬೆಲೆಗೆ ಯಾಕೆ ಮಾರುತ್ತಾರೆ ಅಂತ ಮೊದಲು ಕೇಳು. ಆ ಪುಸ್ತಕ ದಪ್ಪ ಇರುತ್ತದೆ, ಇಂಗ್ಲಿಷಿನಲ್ಲಿ ಇರುತ್ತದೆ. ಅರ್ಜಿ ಹಾಕುವ ಮೊದಲು ಅದನ್ನು ಇಲ್ಲಿಗೆ ತಗೊಂಡು ಬಾ, ದೊಡ್ಡಪ್ಪ ನಾನಿದ್ದೀನಿ, ಇಬ್ಬರೂ ಕೂತು ಓದೋಣ.